ಮೂರನೆಯ ಸೀನು ಕಳೆದ ಮೇಲೆ

ಬೆಳಿಗ್ಗೆ ಎದ್ದ ಕೂಡಲೇ ನನಗೆ ಹನ್ನೊಂದು ಸೀನು ಬರುತ್ತವೆ. ಹತ್ತಕ್ಕೆ ನಿಂತ ನೆನಪಿಲ್ಲ, ಹನ್ನೆರಡಕ್ಕೆ ಹೋಗಿದ್ದು ಬಲು ಅಪರೂಪ. ಡಾಕ್ಟರು ಅಲರ್ಜಿ ಅಂದರು, ಮಾತ್ರೆ ಬರೆದುಕೊಟ್ಟರು. ಮಾತ್ರೆ ನುಂಗಿದ ದಿನ ಸೀನು ನಿಲ್ಲುತ್ತದೆ, ಅದರ ಜೊತೆಗೆ ನಾನೂ ನಿಂತುಬಿಡುತ್ತೇನೆ, ಮಧ್ಯಾಹ್ನದವರೆಗೂ ತೂಕಡಿಕೆ. ಹಾಗಾಗಿ ಮಾತ್ರೆ ಬಿಟ್ಟು ಸೀನನ್ನೇ ಇಟ್ಟುಕೊಂಡಿದ್ದೇನೆ. ಮಂಡ್ಯದ ಗುತ್ತಲಿನ ನಮ್ಮ ಬೀದಿಯಲ್ಲಿ ಯಾರೂ ಅಲಾರಂ ಇಡುವುದಿಲ್ಲ. ಟೀಚರಮ್ಮ ಸೀನಿದರು ಅಂದರೆ ಹಾಲಿನವನು ಬರುವ ಹೊತ್ತಾಯಿತು ಅಂತ ಅರ್ಥ.

ಪಕ್ಕದ ಮನೆಯ ಕೆಂಪಮ್ಮನವರು ಆ ಹೊತ್ತಿಗೆ ಬಾಗಿಲಿಗೆ ನೀರು ಹಾಕುತ್ತಿರುತ್ತಾರೆ. ನನ್ನ ಮೊದಲ ಸೀನಿಗೆ ಕಾಂಪೌಂಡಿನ ಆಚೆಯಿಂದ "ನೂರ್ ವರ್ಸ" ಅನ್ನುತ್ತಾರೆ. ಎರಡನೆಯದಕ್ಕೂ "ನೂರ್ ವರ್ಸ". ರಂಗೋಲಿ ಮುಗಿಯುವವರೆಗೂ ಹೀಗೇ ನಡೆಯುತ್ತದೆ. ಹೋದ ವಾರ ಮಾತ್ರ ಪೊರಕೆ ಊರಿಕೊಂಡು ನಿಂತು, "ಟೀಚ್ರೇ, ಸಾವ್ರದ್ ನೂರ್ ವರ್ಸ ಆಯ್ತು. ಇನ್ ಸಾಕು ನಿಲ್ಸಿ. ಅಷ್ಟ್ ವರ್ಸ ನಿಮ್ಮುನ್ನ ಯಾರು ತಡ್ಕತಾರೆ" ಎಂದರು. ನಮ್ಮ ಮನೆಯವರು ಒಳಗಿನಿಂದ ಕೆಮ್ಮಿದರು. ಅದು ನಗು ಮುಚ್ಚಿಕೊಳ್ಳುವ ಕೆಮ್ಮು ಅಂತ ಮದುವೆಯಾಗಿ ಇಷ್ಟು ವರ್ಷವಾದ ಮೇಲೆ ನನಗೆ ಗೊತ್ತಾಗದೆ ಇರುತ್ತದೆಯೇ.

ನಮ್ಮಲ್ಲಿ ಸೀನಿಗೆ ಒಂದು ಕ್ರಮವಿದೆ. ಸೀನಿದವರು "ಅಲ್ಹಮ್ದುಲಿಲ್ಲಾ" ಅನ್ನಬೇಕು. ಸ್ತುತಿಯೆಲ್ಲ ದೇವರಿಗೆ ಅಂತ ಅದರ ಅರ್ಥ. ಬಳಕೆಯಲ್ಲಿ ಅದು ನಮ್ಮ ಕೃತಜ್ಞತೆಯ ಮಾತು. ಅದನ್ನು ಕೇಳಿಸಿಕೊಂಡವರು "ಯರ್ಹಮುಕಲ್ಲಾ", ದೇವರು ನಿನಗೆ ಕರುಣೆ ತೋರಲಿ, ಎಂದು ಉತ್ತರ ಕೊಡಬೇಕು. ಹೆಂಗಸರಿಗೆ ಹೇಳುವಾಗ ಒಂದಕ್ಷರ ಬದಲಾಗಬೇಕಂತೆ; ನಮ್ಮ ಮನೆಯಲ್ಲಿ ಅಷ್ಟು ಅರಬ್ಬಿ ಯಾರಿಗೂ ಬರುತ್ತಿರಲಿಲ್ಲ, ಎಲ್ಲರಿಗೂ ಒಂದೇ. ಆ ಉತ್ತರ ಸೀನಿದವರ ಹಕ್ಕು, ಕೇಳಿದವರ ಮೇಲಿನ ಕರ್ತವ್ಯ. ಆದರೆ ಮೂರು ಸೀನಿನವರೆಗೆ ಮಾತ್ರ. ಅದಕ್ಕೂ ಮೇಲೆ ಸೀನಿದರೆ ನೆಗಡಿ ಅಂತ ತಿಳಿಯಬೇಕು, ಉತ್ತರ ಕೊಡಲೇಬೇಕೆಂದಿಲ್ಲ. ನಮ್ಮ ಮನೆಯವರು ಬಹಳ ನೇಮದವರು. ಸರಿಯಾಗಿ ಮೂರಕ್ಕೆ ಉತ್ತರ ಕೊಟ್ಟು ಮಗ್ಗುಲು ಬದಲಾಯಿಸುತ್ತಾರೆ. ನಾಲ್ಕನೆಯದರಿಂದ ನಾನುಂಟು, ನನ್ನ ಮೂಗುಂಟು.

ಈ ಮೂಗು ನನಗೆ ತವರಿನಿಂದ ಬಂದದ್ದು. ಮಳವಳ್ಳಿಯಲ್ಲಿ ನಮ್ಮ ಅಬ್ಬಾ ಹಾಸಿಗೆ ಹೊಲಿಯುತ್ತಿದ್ದರು. ಮನೆಯ ಮುಂದಿನ ಅಂಕಣವೇ ಅಂಗಡಿ. ಹತ್ತಿ ಹಿಂಜುವ ದೊಡ್ಡ ಬಿಲ್ಲಿನ ನರ ದಿನವಿಡೀ ಗುಂಯ್ ಅನ್ನುತ್ತಿತ್ತು, ಹತ್ತಿಯ ಎಳೆ ಮನೆಯೆಲ್ಲ ಹಾರಾಡುತ್ತಿತ್ತು. ಸಾರಿನ ಮೇಲೆ ಹತ್ತಿ, ಕಾಪಿ ಪುಸ್ತಕದಲ್ಲಿ ಹತ್ತಿ, ಹುಬ್ಬಿನ ಮೇಲೆ ಹತ್ತಿ. ಸ್ಕೂಲಿನಲ್ಲಿ ನನಗೂ ನಮ್ಮ ಅಕ್ಕನಿಗೂ "ಅಜ್ಜೀರು" ಅಂತ ಹೆಸರು. ಮನೆಯಲ್ಲಿ ಯಾರಾದರೊಬ್ಬರು ಸೀನದೆ ಐದು ನಿಮಿಷ ಕಳೆಯುತ್ತಿರಲಿಲ್ಲ. ಒಬ್ಬರು ಸೀನುವುದು, ಅಲ್ಹಮ್ದುಲಿಲ್ಲಾ ಅನ್ನುವುದು, ಅಡುಗೆಮನೆಯಿಂದ ಇನ್ನೊಬ್ಬರು ಕರುಣೆ ತೋರಿಸುವುದು. ಮಳವಳ್ಳಿಯಲ್ಲಿ ದಿನಕ್ಕೆ ಅತಿ ಹೆಚ್ಚು ಸಲ ದೇವರಿಗೆ ಕೃತಜ್ಞತೆ ಹೇಳುತ್ತಿದ್ದ ಮನೆ ನಮ್ಮದೇ ಇರಬೇಕು. ಅದರಲ್ಲಿ ಭಕ್ತಿಯ ಪಾಲೆಷ್ಟು, ಹತ್ತಿಯ ಪಾಲೆಷ್ಟು ಅಂತ ಕೇಳಬೇಡಿ.

ಈ ಕ್ರಮದಿಂದ ಇನ್ನೊಂದು ಉಪಕಾರವೂ ಇತ್ತು. ಅಬ್ಬಾ ಅಮ್ಮಿ ಜಗಳವಾಡಿದರೆ ಎರಡು ಮೂರು ದಿನ ಮಾತಿಲ್ಲ. ಅಮ್ಮಿ ತಟ್ಟೆಯನ್ನು ನೆಲಕ್ಕೆ ಟಣ್ ಅಂತ ಇಟ್ಟು ಹೋಗುತ್ತಿದ್ದರು. ಅಬ್ಬಾ ಮೂರನೆಯ ದಿನ ಮೆಲ್ಲಗೆ ಒಲೆಯ ಹತ್ತಿರ ಬಂದು ಕೂತು, ಪಕ್ಕದಂಗಡಿ ಶೆಟ್ಟರಿಂದ ಇಸಿದುಕೊಂಡ ಒಂದು ಚಿಟಿಕೆ ನಶ್ಯ ಏರಿಸುತ್ತಿದ್ದರು. ಸೀನು ಸಿಡಿಯುತ್ತಿತ್ತು. "ಅಲ್ಹಮ್ದುಲಿಲ್ಲಾ" ಅಂತ ಅಮ್ಮಿಗೆ ಕೇಳುವ ಹಾಗೆ ಹೇಳಿ, ಮೇಲೆ ಜಂತೆ ನೋಡುತ್ತಾ ಕೂರುತ್ತಿದ್ದರು. ಅಮ್ಮಿ ಹಲ್ಲು ಕಚ್ಚಿಕೊಂಡು "ಯರ್ಹಮುಕಲ್ಲಾ" ಅನ್ನಲೇಬೇಕು. ಗಂಡನ ಮೇಲಿನ ಕೋಪಕ್ಕೆ ದೇವರ ಕೆಲಸ ಬಿಡುವ ಹಾಗಿಲ್ಲವಲ್ಲ. ಬಾಯಿ ಒಂದು ಸಲ ತೆರೆದ ಮೇಲೆ ಮುಚ್ಚುವುದು ಕಷ್ಟ. "ಕರುಣೆಯಂತೆ ಕರುಣೆ, ನಶ್ಯದ್ ಗಬ್ಬು ಒಲೆಗಂಟ ಬತ್ತಾದೆ" ಅಂತ ಶುರುವಾಗಿ, ಮಧ್ಯಾಹ್ನದ ಹೊತ್ತಿಗೆ ಇಬ್ಬರೂ ಒಂದೇ ತಟ್ಟೆಯಲ್ಲಿ ಉಣ್ಣುತ್ತಿದ್ದರು. ನಾವು ಮನೆಯಲ್ಲಿ ಆಡುವುದು ಉರ್ದುವಾದರೂ ಸಿಟ್ಟಿಗೂ ಮುದ್ದಿಗೂ ಮಳವಳ್ಳಿ ಕನ್ನಡವೇ ಬಾಯಿಗೆ ಬರುವುದು.

ಇಂಥ ಮನೆಯಲ್ಲಿ ಬೆಳೆದ ನಾನು ದಿನವೂ ಎಷ್ಟು ಕೃತಜ್ಞಳಾಗಿರಬೇಕು ಹೇಳಿ. ನಮ್ಮಲ್ಲಿ ಎದ್ದರೆ ಒಂದು ಸ್ತುತಿ, ಉಂಡರೆ ಒಂದು, ಹೊಸ ಬಟ್ಟೆ ಉಟ್ಟರೆ ಒಂದು. ಕಕ್ಕಸಿನಿಂದ ಹೊರಗೆ ಬಂದ ಮೇಲೂ ಒಂದಿದೆ. ಚಿಕ್ಕವಳಿದ್ದಾಗ ಅದನ್ನು ಕೇಳಿದರೆ ನನಗೆ ನಗು ತಡೆಯಲಾಗುತ್ತಿರಲಿಲ್ಲ. ಅಬ್ಬಾಗೆ ವಯಸ್ಸಾಗಿ ಮೂತ್ರ ಕಟ್ಟಿದ ಕಾಲಕ್ಕೆ ಆ ಪ್ರಾರ್ಥನೆಯನ್ನು ಅವರು ಬಚ್ಚಲ ಬಾಗಿಲು ಹಿಡಿದು ಹೇಳುತ್ತಿದ್ದ ರೀತಿ ನೋಡಿ ನಗು ನಿಂತಿತು. ಇನ್ನು ಪ್ರತಿ ನಮಾಜಿನ ನಂತರ ಬೆರಳ ಗೆಣ್ಣು ಎಣಿಸುತ್ತಾ ಮೂವತ್ತಮೂರು ಸಲ ಅಲ್ಹಮ್ದುಲಿಲ್ಲಾ ಹೇಳಬೇಕು. ನಾನು ಹೇಳುತ್ತೇನೆ. ಮೈಸೂರಿನ ನಾನ್‌ಸ್ಟಾಪ್ ಬಸ್ಸು ಹೋದ ಹಾಗೆ, ಎಲ್ಲೂ ನಿಲ್ಲಿಸದೆ. ಹದಿನೈದರ ಹೊತ್ತಿಗೆ ಅವರೆಕಾಳು ನೆನೆಸಿದೆನೋ ಇಲ್ಲವೋ ಅನ್ನುವ ಯೋಚನೆ ಬರುತ್ತದೆ, ಇಪ್ಪತ್ತೈದಕ್ಕೆ ನೆನೆಸಿಲ್ಲ ಅಂತ ಖಾತ್ರಿಯಾಗುತ್ತದೆ. ಬೀದಿಯಲ್ಲಿ ಯಾರಾದರೂ "ಎಂಗಿದೀರಿ ಟೀಚ್ರೇ" ಅಂದರೆ "ಅಲ್ಹಮ್ದುಲಿಲ್ಲಾ" ಅನ್ನುತ್ತೇನೆ, ಆಮೇಲೆ ಅರ್ಧ ಗಂಟೆ ನಿಲ್ಲಿಸಿಕೊಂಡು ಮಂಡಿನೋವು ಹೇಳುತ್ತೇನೆ.

ನಮ್ಮ ಖಮರ್ ಆಪಾ ಹಾಗಲ್ಲ. ಆಪಾ ಅಂದರೆ ಅಕ್ಕ; ನನಗಿಂತ ನಾಲ್ಕು ವರ್ಷ ದೊಡ್ಡವಳು. ಮಳವಳ್ಳಿಯಲ್ಲೇ ಮದುವೆಯಾಗಿ ಅಲ್ಲೇ ಇದ್ದಾಳೆ, ಅವಳ ಗಂಡ ಮಿಕ್ಸಿ, ಫ್ಯಾನು ರಿಪೇರಿ ಮಾಡುತ್ತಾರೆ. ಅವಳ ಅಲ್ಹಮ್ದುಲಿಲ್ಲಾ ಬಾಯಿಂದ ಬರುವುದಲ್ಲ, ಎಲ್ಲಿಂದಲೋ ಬರುತ್ತದೆ. ಹಾಲು ಉಕ್ಕಿ ಹೋದರೆ "ಅಲ್ಹಮ್ದುಲಿಲ್ಲಾ, ಪಾತ್ರೆ ಸೀಯಲಿಲ್ಲ". ಬಸ್ಸು ತಪ್ಪಿದರೆ "ಅಲ್ಹಮ್ದುಲಿಲ್ಲಾ, ಕೂರೋಕ್ ನೆರಳದೆ". ಕಾಲು ಉಳುಕಿದಾಗಲೂ ಇನ್ನೊಂದು ಕಾಲನ್ನು ತೋರಿಸಿ ಅದನ್ನೇ ಅಂದಳು. ಚಿಕ್ಕಂದಿನಿಂದ ನನಗೆ ಇದನ್ನು ಕಂಡರೆ ಮೈ ಪರಚಿಕೊಳ್ಳುವ ಹಾಗಾಗುತ್ತಿತ್ತು. ನನಗೆ ಬರದ ವಿದ್ಯೆ ಅವಳಿಗೆ ಸಲೀಸಾಗಿ ಬರುತ್ತದಲ್ಲ ಅನ್ನುವ ಹೊಟ್ಟೆಯುರಿ ಅದು, ಬೇರೇನಲ್ಲ.

ಹೊಟ್ಟೆಯುರಿ ಇದ್ದವರಿಗೆ ಬರೆಯುವ ಚಟವೂ ಇರಬಾರದು. ರಿಟೈರ್ ಆದ ಮೇಲೆ ನಮ್ಮ ಕಡೆಯ ಒಂದು ವಾರಪತ್ರಿಕೆಗೆ ನಾನು ಸಣ್ಣಪುಟ್ಟ ಲೇಖನ ಬರೆಯುತ್ತೇನೆ. ನಾಲ್ಕು ಜನ ಓದಿ ನಗುತ್ತಾರೆ. ಒಂದು ಸಲ ತರಕಾರಿ ಮಾರ್ಕೆಟ್ಟಿನಲ್ಲಿ ಹಾಗಲಕಾಯಿ ಆಯುತ್ತಿದ್ದಾಗ ಯಾರೋ "ಚೆನ್ನಾಗ್ ಬರ್ದಿದ್ರಿ ಮೇಡಂ" ಅಂದರು. ಆ ದಿನ ಚೌಕಾಸಿ ಮಾಡದೆ ಎರಡು ಕೆಜಿ ಹಾಗಲಕಾಯಿ ತಂದೆ, ಮನೆಯಲ್ಲಿ ಅದನ್ನು ತಿನ್ನುವವರೇ ಇಲ್ಲ. ಹೋದ ವರ್ಷ ಬರೆಯಲು ಏನೂ ತೋಚದಿದ್ದಾಗ ಆಪಾಳ ಅಲ್ಹಮ್ದುಲಿಲ್ಲಾದ ಮೇಲೆ ಬರೆದೆ. ಹಾಲು, ಬಸ್ಸು, ಉಳುಕಿದ ಕಾಲು ಎಲ್ಲ ಹಾಕಿದೆ. ಕೊನೆಗೊಂದು ದೊಡ್ಡ ನಗು ಬೇಕಿತ್ತು. ಅದಕ್ಕೆ ಅವಳ ಅತ್ತೆಯ ಸಾವನ್ನು ತಂದೆ.

ಎರಡು ವರ್ಷದ ಹಿಂದಿನ ಮಾತು. ಆಪಾಳ ಅತ್ತೆ ಆರು ವರ್ಷ ಹಾಸಿಗೆ ಹಿಡಿದಿದ್ದರು. ಅವರು ತೀರಿಕೊಂಡ ಶುಕ್ರವಾರ ನಾನು ಅಲ್ಲೇ ಇದ್ದೆ, ಕೋಣೆಯ ಬಾಗಿಲಲ್ಲಿ ಕೂತಿದ್ದೆ. ಉಸಿರು ನಿಂತಾಗ ನಾವು "ಇನ್ನಾ ಲಿಲ್ಲಾಹಿ" ಅನ್ನುತ್ತೇವೆ, ದೇವರಿಂದ ಬಂದವರು ದೇವರಲ್ಲಿಗೇ ಹೋಗುತ್ತೇವೆ ಅಂತ. ಆಪಾ ಅದನ್ನು ಹೇಳಿದಳು. ಹೇಳಿ, ಅತ್ತೆಯ ಕಣ್ಣು ಮುಚ್ಚಿ, "ಅಲ್ಹಮ್ದುಲಿಲ್ಲಾ" ಅಂದಳು. ಆಮೇಲೆ ಇನ್ನೂ ಎರಡು ಮಾತು ಹೇಳಿದಳು. ನಾನು ಕಿವಿಯಾರೆ ಕೇಳಿದ್ದೆ. ಲೇಖನದಲ್ಲಿ ಮಾತ್ರ "ಅತ್ತೆ ತೀರಿಕೊಂಡಾಗಲೂ ನಮ್ಮಕ್ಕನ ಬಾಯಿಗೆ ಬಂದದ್ದು ಅಲ್ಹಮ್ದುಲಿಲ್ಲಾ" ಅಂತ ಬರೆದು ಫುಲ್‌ಸ್ಟಾಪ್ ಇಟ್ಟೆ. ಉಳಿದದ್ದನ್ನು ಬರೆದರೆ ಯಾರೂ ನಗುತ್ತಿರಲಿಲ್ಲ. ಮೂವತ್ತು ವರ್ಷ ಮಕ್ಕಳಿಗೆ "ವಾಕ್ಯ ಪೂರ್ತಿ ಬರೀರಿ" ಅಂತ ಕೆಂಪು ಇಂಕಿನಲ್ಲಿ ಗೀಚಿದ ಕೈ ಇದು.

ಜನ ನಕ್ಕರು. ಮಳವಳ್ಳಿಯಲ್ಲಿ ಚೆನ್ನಾಗಿಯೇ ನಕ್ಕರು. ಮಿಕ್ಸಿ ರಿಪೇರಿಗೆ ಬಂದ ಹೆಂಗಸೊಬ್ಬಳು ಆಪಾಳ ಎದುರಿಗೇ, "ಏನಮ್ಮಾ, ಅತ್ತೆ ಓಗಿದ್ಕೆ ದ್ಯಾವ್ರಿಗ್ ಕೈ ಮುಗ್ದಂತೆ, ನಮ್ಗೂ ಏಳ್ಕೊಡು ಆ ಮಂತ್ರವ" ಅಂದಳಂತೆ. ಅದಕ್ಕಿಂತ ದೊಡ್ಡದು ಮದ್ದೂರಿನಲ್ಲಿ ಆಯಿತು. ಆಪಾಳ ನಾದಿನಿ, ಆ ಸತ್ತ ಅತ್ತೆಯ ಮಗಳು, ಇರುವುದು ಮದ್ದೂರಿನಲ್ಲಿ. ತಾಯಿಯ ಉಸಿರು ಹೋಗಿ ಒಂದು ಗಂಟೆಯಾದ ಮೇಲೆ ಬಂದವಳು. ಕೋಣೆಯಲ್ಲಿ ಏನಾಯಿತು ಅಂತ ಅವಳು ನೋಡಿರಲಿಲ್ಲ, ನನ್ನ ಲೇಖನ ಓದಿ ತಿಳಿದುಕೊಂಡಳು. ಆ ವರ್ಷದ ಈದ್‌ಗೆ ಅಣ್ಣನ ಮನೆಗೆ ಬರಲಿಲ್ಲ.

ಆಪಾ ಒಂದು ಸಲ ಫೋನ್ ಮಾಡಿದಳು. "ಮುನ್ನಿ, ಆರು ವರ್ಸವ ಒಂದ್ ಸಾಲಲ್ಲಿ ಅಳ್ಸ್‌ಬುಟ್ಟಲ್ಲೇ" ಅಂದು ಇಟ್ಟಳು. ಆಮೇಲೆ ಎಂಟು ತಿಂಗಳು ಮಾತಿಲ್ಲ. ನನಗೆ ಇರುವುದು ಒಬ್ಬಳೇ ಅಕ್ಕ. ಅಬ್ಬಾ ಅಮ್ಮಿ ಇಬ್ಬರೂ ಈಗಿಲ್ಲ. ಹತ್ತಿಯ ಮನೆಯ ಕತೆ ಹೇಳಿಕೊಂಡು ನಗುವುದಕ್ಕೆ ಈ ಭೂಮಿಯ ಮೇಲೆ ಅವಳೊಬ್ಬಳು ಉಳಿದಿದ್ದಳು.

ನೇರವಾಗಿ ಹೋಗಿ ತಪ್ಪಾಯಿತು ಅನ್ನಬಹುದಿತ್ತು. ಅಷ್ಟು ಸುಲಭದ ಕೆಲಸವಾದರೆ ನಾನೇಕೆ ಮಾಡುತ್ತೇನೆ. ಅಬ್ಬಾನ ದಾರಿ ಹಿಡಿದೆ. ಒಂದು ಬೆಳಿಗ್ಗೆ ಐದನೆಯ ಸೀನು ಮೂಗಿನ ತುದಿಗೆ ಬಂದಾಗ ಭಾವನಿಗೆ, ನಮ್ಮಲ್ಲಿ ದುಲ್ಹಾಭಾಯಿ ಅನ್ನುತ್ತೇವೆ, ಫೋನ್ ಮಾಡಿ, ಅವರು ಹಲೋ ಅನ್ನುವಷ್ಟರಲ್ಲಿ ಸೀನಿ ಅಲ್ಹಮ್ದುಲಿಲ್ಲಾ ಅಂದೆ. ಫೋನು ಸ್ಪೀಕರಿನಲ್ಲಿರಲಿ, ಆಪಾ ಪಕ್ಕದಲ್ಲಿರಲಿ ಅನ್ನುವುದು ನನ್ನ ಹಂಚಿಕೆ. ದುಲ್ಹಾಭಾಯಿ ನಿಧಾನವಾಗಿ "ಯರ್ಹಮುಕಲ್ಲಾ" ಅಂದು, "ಉಸಾರಿಲ್ವೇನಮ್ಮಾ, ಇಷ್ಟೊತ್ಗೇ ಮಾಡಿದ್ದೀಯಾ" ಎಂದರು. ಇಲ್ಲ ದುಲ್ಹಾಭಾಯಿ, ಸುಮ್ಮನೆ ಸೀನೋಣ ಅಂತ ಮಾಡಿದೆ ಅನ್ನಲು ಆಗುತ್ತದೆಯೇ. ಮಿಕ್ಸಿ ಜಾರಿನ ಬ್ಲೇಡು ಸಿಕ್ಕುತ್ತದಾ ಅಂತ ಕೇಳಿ ಇಟ್ಟೆ. ಮೂರು ದಿನದ ಮೇಲೆ ಬಸ್ಸಿನವನ ಕೈಲಿ ಬ್ಲೇಡು ಬಂತು. ನಮ್ಮ ಜಾರಿಗೆ ಅದು ಕೂರುವುದಿಲ್ಲ.

ಆಮೇಲೆ ಮದ್ದೂರಿನಲ್ಲಿ ಒಂದು ಮದುವೆ. ಹೆಂಗಸರ ಕಡೆ ಎದುರುಬದುರು ಸಾಲಿನಲ್ಲಿ ಊಟಕ್ಕೆ ಕೂತಿದ್ದೆವು, ನನ್ನ ಎದುರಿಗೆ ಆಪಾ. ಬಿರಿಯಾನಿಯ ಮೆಣಸು ಮೂಗಿಗೆ ಹತ್ತಿ ಅವಳೇ ಸೀನಿದಳು. ಬಂತು ಸಮಯ ಅಂತ ನಾನು ಉತ್ತರ ಹೇಳಲು ಬಾಯಿ ತೆರೆದು ಕಾದೆ. ಸೀನಿದವರು ಅಲ್ಹಮ್ದುಲಿಲ್ಲಾ ಅಂದದ್ದು ಕೇಳಿಸಿದರೆ ಮಾತ್ರ ಉತ್ತರ. ಆಪಾ ನನ್ನನ್ನೇ ನೋಡುತ್ತಾ ತುಟಿ ಬಿಗಿದು, ಮನಸ್ಸಿನಲ್ಲೇ ಹೇಳಿಕೊಂಡು, ನೀರು ಕುಡಿದಳು. ದೇವರಿಗೆ ಸಲ್ಲಬೇಕಾದದ್ದು ಸಂದಿತು, ನನ್ನ ಬಾಯಿ ಹಾಗೇ ತೆರೆದಿತ್ತು. ಬಡಿಸುವವಳು ನನಗೆ ಇನ್ನೂ ಹಸಿವು ಅಂದುಕೊಂಡು ಇನ್ನೊಂದು ಸೌಟು ಹಾಕಿದಳು.

ನಗಬೇಡಿ, ಅಥವಾ ನಕ್ಕುಬಿಡಿ. ಆದರೆ ಅದೇ ಊಟದಲ್ಲಿ ಇನ್ನೊಂದನ್ನು ಕಂಡೆ. ಆಪಾಳ ನಾದಿನಿ ಒಳಗೆ ಬಂದಳು. ಆಪಾ ಎದ್ದು ನಿಂತು ಸಲಾಂ ಹೇಳಿದಳು. ಅವಳು ಉತ್ತರ ಗೊಣಗಿ, ಮುಖ ತಿರುಗಿಸಿಕೊಂಡು ದೂರ ಹೋಗಿ ಕೂತಳು. ಆಪಾ ಸ್ವಲ್ಪ ಹೊತ್ತು ನಿಂತೇ ಇದ್ದಳು. ಆಮೇಲೆ ಕೂತು ತಟ್ಟೆಯ ಅನ್ನವನ್ನು ಒಂದು ಕಡೆಗೆ ಒತ್ತರಿಸಿದಳು, ಉಣ್ಣಲಿಲ್ಲ. ಅಲ್ಲಿಯವರೆಗೆ ಅಕ್ಕ ನನ್ನ ಹತ್ತಿರ ಮಾತಾಡುತ್ತಿಲ್ಲ ಅಂತಷ್ಟೇ ಕೊರಗುತ್ತಿದ್ದೆ. ಅವಳು ಏನು ಕಳೆದುಕೊಂಡಳು ಅಂತ ಯೋಚಿಸಿರಲಿಲ್ಲ.

ಹೋದ ತಿಂಗಳು ಒಂದು ಭಾನುವಾರ ಮಳವಳ್ಳಿಗೆ ಹೊರಟೆ. ಮೂರು ಪುಟದ ಕ್ಷಮಾಪಣೆ ಬರೆದು ಬ್ಯಾಗಿನಲ್ಲಿಟ್ಟುಕೊಂಡಿದ್ದೆ. "ಅನವಧಾನದಿಂದ" ಅನ್ನುವ ಪದ ಅದರಲ್ಲಿ ನಾಲ್ಕು ಕಡೆ ಇತ್ತು. ಮದ್ದೂರಿನಲ್ಲಿ ಬಸ್ಸು ಬದಲಾಯಿಸುವಾಗ ಆಪಾಗೆ ಅಂತ ಆರು ವಡೆ ಕಟ್ಟಿಸಿದೆ. ಮಳವಳ್ಳಿ ಬಸ್ಸು ತಡವಾಯಿತು, ಪೊಟ್ಟಣ ಬಿಸಿಯಾಗಿತ್ತು. ಮಳವಳ್ಳಿಯಲ್ಲಿ ಇಳಿದಾಗ ಎರಡು ವಡೆ ಉಳಿದಿದ್ದವು. ಉಂಡ ಮೇಲಿನ ಸ್ತುತಿ ಹೇಳಿಕೊಂಡೆ ಅನ್ನಿ.

ದುಲ್ಹಾಭಾಯಿ ಬಾಗಿಲಲ್ಲೇ ಸನ್ನೆ ಮಾಡಿ ತಾರಸಿ ತೋರಿಸಿದರು. ಹತ್ತಿ ಹೋದೆ. ಆಪಾ ಹಳೆಯ ಹಾಸಿಗೆಯೊಂದನ್ನು ಬಿಚ್ಚಿ, ಹತ್ತಿಯನ್ನು ಬಿಸಿಲಿಗೆ ಹರವಿ, ಕೋಲಿನಿಂದ ಬಡಿಯುತ್ತಾ ಕೂತಿದ್ದಳು. ಬಿಚ್ಚಿದ ಹೊದಿಕೆ ಪಕ್ಕದಲ್ಲಿತ್ತು. ಅದರ ಅಂಚಿನ ಹೊಲಿಗೆ ನೋಡಿದ ಕೂಡಲೇ ಗೊತ್ತಾಯಿತು, ಅಬ್ಬಾನದು. ಆಪಾಳ ಮದುವೆಗೆ ಅವರೇ ಕೂತು ಹೊಲಿದ ಹಾಸಿಗೆ. ಫೋಮಿನ ಮೇಲೆ ಮಲಗಿದರೆ ಬೆನ್ನು ಹುಣ್ಣಾಗುತ್ತದೆ ಅಂತ ಆಪಾ ಅದನ್ನು ಅತ್ತೆಗೆ ಹಾಸಿ, ತಾನು ಆರು ವರ್ಷ ಚಾಪೆಯ ಮೇಲೆ ಮಲಗಿದ್ದಳು. ಅದು ನನಗೆ ಗೊತ್ತಿತ್ತು. ಲೇಖನ ಬರೆಯುವಾಗಲೂ ಗೊತ್ತಿತ್ತು.

ನನ್ನನ್ನು ಕಂಡು ಕೋಲು ಒಂದು ಕ್ಷಣ ನಿಂತಿತು, ಆಮೇಲೆ ಇನ್ನೂ ಜೋರಾಗಿ ಬಿತ್ತು. ನಾನು ವಡೆಯ ಪೊಟ್ಟಣ ಮೋಟುಗೋಡೆಯ ಮೇಲಿಟ್ಟು ಕಾಗದ ಬಿಚ್ಚಿದೆ. "ಪ್ರೀತಿಯ ಆಪಾ" ಅನ್ನುವಷ್ಟರಲ್ಲಿ ಹತ್ತಿ ಮೂಗಿಗೆ ಹೊಕ್ಕಿತು. ಸೀನಿದೆ. "ಅಲ್ಹಮ್ದುಲಿಲ್ಲಾ" ಅಂದೆ. ನಶ್ಯವಿಲ್ಲ, ನಾಟಕವಿಲ್ಲ, ಅಸಲಿ ಸೀನು. ಆಪಾಳ ತುಟಿ ಅಲುಗಿತು, ದನಿ ಬರಲಿಲ್ಲ. ಎರಡನೆಯದಕ್ಕೂ ತುಟಿ ಮಾತ್ರ. ಮೂರನೆಯದಕ್ಕೂ ಅಷ್ಟೇ. ಮೂರು ಮುಗಿಯಿತು. ಅವಳ ಕರ್ತವ್ಯ ತೀರಿತು, ನನ್ನ ಹಕ್ಕೂ ತೀರಿತು.

ಕಾಗದ ಮಡಿಸಿ ಬ್ಯಾಗಿಗೆ ಹಾಕಿದೆ. ಹತ್ತಿಯ ಪಕ್ಕದಲ್ಲಿ ನೆಲಕ್ಕೆ ಕೂತೆ. "ಆಪಾ, ನೀನು ಏಳಿದ್ದು ಅಷ್ಟೂ ನಂಗೆ ಕೇಳ್ಸಿತ್ತು. ಜನ ನಗ್ಲಿ ಅಂತ ಬೇಕೂಂತ್ಲೇ ಅರ್ಧ ಬುಟ್ಟೆ" ಅಂದೆ. ಮೂರು ಪುಟದಲ್ಲಿ ಬರೆಯಲಾಗದ್ದು ಇಷ್ಟೇ ಇತ್ತು. ಆಪಾ ಬಡಿಯುತ್ತಲೇ ಇದ್ದಳು.

ನನ್ನ ಮೂಗು ನನ್ನ ಮಾತು ಕೇಳುವುದಿಲ್ಲ. ನಾಲ್ಕನೆಯದು ಬಂತು, ಐದನೆಯದು ಬಂತು. ಪ್ರತಿಯೊಂದಕ್ಕೂ ಅಲ್ಹಮ್ದುಲಿಲ್ಲಾ ಅನ್ನುತ್ತಲೇ ಹೋದೆ. ಉತ್ತರದ ಆಸೆ ಬಿಟ್ಟುಹೋಗಿತ್ತು. ಬಿಸಿಲಿತ್ತು, ಅಬ್ಬಾ ಕೈಯಾಡಿಸಿದ ಹತ್ತಿ ಇತ್ತು, ನನ್ನ ಅಕ್ಕ ಮೂರು ಮೊಳ ದೂರದಲ್ಲಿ ಗಟ್ಟಿಮುಟ್ಟಾಗಿ ಕೂತು ನನ್ನ ಮೇಲಿನ ಸಿಟ್ಟನ್ನು ಹತ್ತಿಯ ಮೇಲೆ ತೀರಿಸಿಕೊಳ್ಳುತ್ತಿದ್ದಳು. ಇದೆಲ್ಲ ಇನ್ನೂ ಇದೆಯಲ್ಲ ಅನ್ನಿಸಿತು. ದಿನಕ್ಕೆ ನೂರಾರು ಸಲ ಹೇಳಿದ ಮಾತನ್ನು ಅವತ್ತು ಮೊದಲ ಸಲ ಹೇಳಿದೆ ಅಂತ ಕಾಣುತ್ತದೆ. ಸೀನಿಗೂ ಅಳುವಿಗೂ ವ್ಯತ್ಯಾಸ ತಿಳಿಯದ ಹಾಗೆ ಮೂಗು ಸುರಿಯುತ್ತಿತ್ತು. ಹನ್ನೊಂದನೆಯದೋ ಹನ್ನೆರಡನೆಯದೋ, ಲೆಕ್ಕ ತಪ್ಪಿತ್ತು.

ಕೋಲು ನಿಂತಿತು.

"ಯರ್ಹಮುಕಲ್ಲಾ" ಅಂದಳು ಆಪಾ. ಗಟ್ಟಿಯಾಗಿ, ಕೆಳಗೆ ದುಲ್ಹಾಭಾಯಿಗೂ ಕೇಳುವ ಹಾಗೆ. ಕೊಡಬೇಕಾದ ಮೂರೂ ಮುಗಿದು ಎಷ್ಟೋ ಹೊತ್ತಾಗಿತ್ತು; ಇದು ಅವಳು ತಾನಾಗಿ ಕೊಟ್ಟದ್ದು. ಅವಳು ಹಾಸಿಗೆಯ ಹರಿದ ಹೊದಿಕೆಯ ತುಂಡೊಂದನ್ನು ನನ್ನ ಕಡೆ ಎಸೆದು, "ಮೂಗ್ ಒರ್ಸ್ಕೊ, ಅಬ್ಬಾನ್ ಹತ್ತಿ ಎಲ್ಲಾ ವದ್ದೆ ಮಾಡ್ತಿದ್ದೀಯ" ಅಂದಳು. ಪೊಟ್ಟಣ ಬಿಚ್ಚಿ ನೋಡಿ, "ಎರಡೇಯಾ" ಅಂತ ಕೇಳಿದಳು. ನಾನು ತಲೆ ತಗ್ಗಿಸಿದೆ. ಒಂದನ್ನು ಮುರಿದು ಅರ್ಧ ನನಗೆ ಕೊಟ್ಟಳು.

ತಿನ್ನುತ್ತಾ, "ಎಷ್ಟ್ ಜನ ನಕ್ಕುದ್ರು ಮುನ್ನಿ?" ಅಂದಳು.

"ಗೊತ್ತಿಲ್ಲ ಆಪಾ. ಸುಮಾರ್ ಜನ."

"ನಮ್ಮತ್ತೆ ಇದ್ದಿದ್ರೆ ಅವ್ರೂ ನಗೋರು. ಓದ್ಸಿ ಓದ್ಸಿ ನಗೋರು." ಕೈಯೊರೆಸಿಕೊಂಡು, "ಮದ್ದೂರಿಗೂ ಬತ್ತದಲ್ವಾ ನಿನ್ ಪೇಪರು?" ಅಂತ ಕೇಳಿದಳು.

"ಬತ್ತದೆ."

"ಅಂಗಾರೆ ಬರಿ. ಪೂರ್ತಿ ಬರಿ ಈ ಸಲ." ಕೋಲು ಮತ್ತೆ ಕೈಗೆ ತೆಗೆದುಕೊಂಡಳು.

ಬರೆಯುತ್ತಿದ್ದೇನೆ. ಮದ್ದೂರಿನಲ್ಲಿ ಇದನ್ನು ಓದುತ್ತಿರುವ ಅವಳ ನಾದಿನಿಗೆ ನಾನು ಹೇಳಬೇಕಾದದ್ದು ಇಷ್ಟೇ. ಆ ಶುಕ್ರವಾರ ನಾನು ಬಾಗಿಲಲ್ಲಿ ಕೂತಿದ್ದೆ. ನಿಮ್ಮ ತಾಯಿಯ ತಲೆ ನಮ್ಮ ಆಪಾಳ ತೊಡೆಯ ಮೇಲಿತ್ತು. ಅವರ ಕಣ್ಣು ಮುಚ್ಚಿ, ಬಾಯಿಯ ಕೊನೆಯಲ್ಲಿ ಇಳಿದ ಹನಿಯನ್ನು ಸೆರಗಿನಿಂದ ಒರೆಸಿ, ಅವಳು ಹೇಳಿದ ಮಾತು ಪೂರ್ತಿಯಾಗಿ ಇದು:

"ಅಲ್ಹಮ್ದುಲಿಲ್ಲಾ. ಒಂದ್ ಚೂರು ನೋವಿಲ್ದೆ ಹೋದ್ರು. ಕೊನೇ ನೀರೂ ನನ್ ಕೈಯಲ್ಲೇ ಕುಡುದ್ರು."